ಮೂರನೇ ಕಂಬದ ಹಿಂದಿನ ನಿದ್ದೆ

ದರ್ಜಿಗೆ ನಿದ್ದೆ ಬರುತ್ತಿದ್ದುದು ವಾರಕ್ಕೆ ಒಂದೇ ಸಲ. ಭಾನುವಾರ ಬೆಳಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲಿನವರೆಗೆ, ಚರ್ಚಿನ ಮೂರನೇ ಕಂಬದ ಹಿಂದೆ, ಅಯ್ಯನವರು ಪ್ರಸಂಗ ಮಾಡುವಾಗ.

ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಮನೆಯ ಮಂಚ ಅವನಿಗೆ ಇನ್ಯಾರದೋ ಅಳತೆಗೆ ಹೊಲಿದ ಕೋಟಿನಂತಾಗಿತ್ತು. ಯಾವ ಮಗ್ಗುಲಿಗೆ ತಿರುಗಿದರೂ ಒಂದು ಕಡೆ ಜಾಸ್ತಿಯೇ ಜಾಗ. ಆದರೆ ಚರ್ಚಿನಲ್ಲಿ ಅವಳು ಕೂರುತ್ತಿದ್ದ ಬೆಂಚಿನಲ್ಲಿ ಕೂತು, ಅವಳು ಒರಗುತ್ತಿದ್ದ ಕಂಬಕ್ಕೆ ತಲೆ ಕೊಟ್ಟರೆ ಸಾಕು, ಅಯ್ಯನವರು "ಪ್ರಿಯರೇ" ಎನ್ನುವಷ್ಟರಲ್ಲಿ ಇವನ ರೆಪ್ಪೆಗಳಿಗೆ ಗುಂಡಿ ಬೀಳುತ್ತಿತ್ತು.

ಅವಳಿದ್ದಾಗಲೂ ಅಲ್ಲಿ ತೂಕಡಿಸಿದವನೇ. ಆಗ ಪಕ್ಕದಲ್ಲಿ ಚಿವುಟುವ ಕೈಯಿತ್ತು. ಮಧ್ಯಾಹ್ನ ತಟ್ಟೆಗೆ ಊಟವನ್ನೂ ಕಿವಿಗೆ ಪ್ರಸಂಗವನ್ನೂ ಅವಳೇ ಬಡಿಸುತ್ತಿದ್ದಳು. "ಗಂಡಸರು ಉಂಡ ತಟ್ಟೇನ ತಾವೇ ತೊಳೀಬೇಕಂತೆ ರೀ. ಅಯ್ಯನವರು ಒತ್ತಿ ಒತ್ತಿ ಹೇಳಿದ್ರು." ದರ್ಜಿ ಇಪ್ಪತ್ತೆರಡು ವರ್ಷದಿಂದ ದೇವರಿಗೆ ಹೆದರಿ ತಟ್ಟೆ ತೊಳೆಯುತ್ತಿದ್ದ.

ಆ ಭಾನುವಾರ ಅವನನ್ನು ಎಬ್ಬಿಸಿದ್ದು ಇಡೀ ಸಭೆ ಒಕ್ಕೊರಲಿನಿಂದ ಹೇಳಿದ "ಆಮೆನ್". ಕಣ್ಣು ಬಿಟ್ಟರೆ ಎಲ್ಲರೂ ತನ್ನ ಕಡೆಗೇ ತಿರುಗಿ ಮರುಕದ ನಗೆ ನಗುತ್ತಿದ್ದಾರೆ.

"ಒಳ್ಳೇದಾಯ್ತು ಬಿಡು ಟೈಲರಣ್ಣ" ಎಂದು ಹಿಂದಿನ ಬೆಂಚಿನ ಮಾಂಸದಂಗಡಿಯವನು ಬೆನ್ನು ತಟ್ಟಿದ. ಆ ಕೈ ಬಿದ್ದ ರೀತಿಗೆ ದರ್ಜಿಯ ಪಕ್ಕೆಲುಬುಗಳು ತಮ್ಮ ಲೆಕ್ಕ ತಾವೇ ಎಣಿಸಿಕೊಂಡವು. "ಅತ್ತಿಗೆ ಮಾಡ್ತಿದ್ದ ಕೆಲಸ ನೀನು ಒಪ್ಕೊಂಡೆ."

"ಏನು ಒಪ್ಕೊಂಡೆ?"

"ಟೀಚರಮ್ಮಂಗೆ ಪ್ರಸಂಗ ಮುಟ್ಟಿಸೋದು. 'ಆ ತಾಯಿ ಒಂಬತ್ತು ವರ್ಷ ಮಾಡಿದ ಸೇವೇನ ನೀವು ಮುಂದುವರಿಸ್ತೀರಾ' ಅಂತ ಅಯ್ಯನವರು ಕೇಳಿದ್ರು. ನೀನು ತಲೆ ಆಡಿಸಿದೆ. ಒಂದು ಸಲ ಅಲ್ಲ, ಮೂರು ಸಲ."

ನಿದ್ದೆಯಲ್ಲಿ ಕುತ್ತಿಗೆ ಜೋತಾಡಿದ್ದು ಸಮ್ಮತಿಯಾಗಿತ್ತು.

ಆ ಚರ್ಚಿನ ಪದ್ಧತಿಯೇ ಹಾಗೆ. ಹಾಸಿಗೆ ಹಿಡಿದವರ ಮನೆಗೆ ಯಾರಾದರೊಬ್ಬರು ಹೋಗಿ, ಅಂದಿನ ಪ್ರಸಂಗವನ್ನು ಪುನಃ ಹೇಳಿ ಬರಬೇಕು. ಟೀಚರಮ್ಮ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ, ಉಳಿದರ್ಧಕ್ಕೆ ಬೆತ್ತದ ರುಚಿ ಕಲಿಸಿದವರು. ಅವರ ಮುಂದೆ ತಪ್ಪು ಹೇಳಿದರೆ ಇವನ ಮಾನ ಹೋಗುವುದಿರಲಿ, ಅದು ಹಳೆಯ ಬಟ್ಟೆ. "ಆಕೆ ಎಷ್ಟು ಚೆನ್ನಾಗಿ ಹೇಳ್ತಿದ್ದಳು" ಎಂದು ಊರೆಲ್ಲ ಆಡುತ್ತಿದ್ದ ಅವಳ ಹೆಸರಿಗೆ ಮಸಿ. ಅವಳದೆಂದು ಇವನ ಬಳಿ ಉಳಿದದ್ದು ಅದೊಂದೇ.

"ಇವತ್ತಿನ ಪ್ರಸಂಗ ಯಾವುದರ ಮೇಲೆ?" ಎಂದು ಪಿಸುಗುಟ್ಟಿದ.

ಮಾಂಸದಂಗಡಿಯವನು ತಲೆ ಕೆರೆದುಕೊಂಡ. "ಕುರಿ ಬಂತು. ಕುರಿ ಬಂದ ತಕ್ಷಣ ನಂಗೆ ಬುಧವಾರದ ಮದುವೆ ಆರ್ಡರು ನೆನಪಾಯ್ತು. ಆಮೇಲೆ ಕುರಿ ಎಲ್ಲಿ ಹೋಯ್ತೋ, ದೇವರಾಣೆ ಗೊತ್ತಿಲ್ಲ."

ಬಾಗಿಲ ಬಳಿ ನಾದಿನಿ ಸಿಕ್ಕಳು. ಗಾಯಕರ ಸಾಲಿನಲ್ಲಿ ಮುಂದೆ ನಿಲ್ಲುವವಳು, ಅಯ್ಯನವರಿಂದ ಮೂರೇ ಮಾರು ದೂರ.

"ಪ್ರಸಂಗವಾ ಭಾವ? ಅದು ನಡೆಯೋವಾಗ ನಾವು ಮುಂದಿನ ಹಾಡಿನ ಪುಟ ಹುಡುಕ್ತಿರ್ತೀವಲ್ಲ." ಅವಳ ಕಣ್ಣು ತುಂಬಿತು. "ಅಕ್ಕ ಇದ್ದಿದ್ರೆ ಅಕ್ಷರ ಬಿಡದೆ ಒಪ್ಪಿಸೋಳು. ಅವಳ ಹೆಸರು ಉಳಿಸಿ ಭಾವ."

ಉಳಿದವರು ನಿವೃತ್ತ ಹವಾಲ್ದಾರರು. ಪ್ರಸಂಗದುದ್ದಕ್ಕೂ ಬೆನ್ನು ಸೆಟೆಸಿ, ರೆಪ್ಪೆ ಬಡಿಯದೆ ಕೂರುವ ಏಕೈಕ ಮನುಷ್ಯ. ದರ್ಜಿ ಓಡಿ ಹೋಗಿ ಅವರ ತೋಳು ಹಿಡಿದ.

"ನೋಡು ತಮ್ಮಾ," ಅವರು ಆಚೀಚೆ ನೋಡಿ ದನಿ ತಗ್ಗಿಸಿದರು, "ಮೂವತ್ತು ವರ್ಷ ಬಂದೋಬಸ್ತು ಮಾಡಿದೋನು ನಾನು. ಕಣ್ಣು ಬಿಟ್ಕೊಂಡೇ ಮಲಗೋದು ರೂಢಿ. ಆದ್ರೆ ನೋಡಿದ್ದನ್ನ ಹೇಳಬಲ್ಲೆ." ಎನ್ನುತ್ತಾ ಬಲಗೈಯನ್ನು ಕಿವಿಯ ಹತ್ತಿರ ತಂದು, ಹುಬ್ಬು ಏರಿಸಿ, ಕತ್ತು ಮುಂದೆ ಚಾಚಿ ಥೇಟ್ ಅಯ್ಯನವರಾದರು. "ಹೀಗೆ ಎರಡು ಸಲ ಮಾಡಿದ್ರು. ಆಮೇಲೆ ನೀರು ಕುಡಿದ್ರು."

ಹೀಗೆ ನಲವತ್ತೈದು ನಿಮಿಷದ ಪ್ರಸಂಗದಲ್ಲಿ ಒಂದು ಕುರಿ, ಒಂದು ಕೈ, ಒಂದು ಲೋಟ ನೀರು ಇಷ್ಟನ್ನೇ ಗಂಟು ಕಟ್ಟಿಕೊಂಡು ದರ್ಜಿ ಟೀಚರಮ್ಮನ ಮೆಟ್ಟಿಲು ಹತ್ತಿದ.

ಕೋಣೆಯಲ್ಲಿ ಔಷಧಿಯ ವಾಸನೆ. ಮಂಚ, ಕಿಟಕಿ, ಕಿಟಕಿಯ ಕೆಳಗೆ ಮೆತ್ತೆ ಹಾಕಿದ ಒಂದು ಕೈಕುರ್ಚಿ. ಟೀಚರಮ್ಮ ಎಲುಬಿನ ಗೂಡಾಗಿದ್ದರು. ಕಣ್ಣು ಮಾತ್ರ ಹಾಜರಿ ಕರೆಯುತ್ತಲೇ ಇತ್ತು.

"ನಿಂತೇ ಒಪ್ಪಿಸಪ್ಪಾ."

ದರ್ಜಿ ಕೊರಳಲ್ಲಿದ್ದ ಅಳತೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದನ್ನು ತೆಗೆದಿಡುವುದು ಶನಿವಾರದಿಂದಲೇ ಮರೆತಿತ್ತು.

"ಒಂದು ಕುರಿ ಇತ್ತು ಟೀಚರ್."

"ಹೂಂ."

"ಆ ಕುರಿ..." ಮುಂದೆ ಕತ್ತಲೆ. ಆ ಕತ್ತಲೆಯಲ್ಲಿ ಅವನಿಗೆ ಗೊತ್ತಿದ್ದ ಪ್ರಸಂಗ ಒಂದೇ ಬಗೆಯದು. "ಆ ಕುರಿ ತಾನು ತಿಂದ ತಟ್ಟೇನ ತಾನೇ ತೊಳೀಬೇಕು."

ಟೀಚರಮ್ಮನ ಹುಬ್ಬು ಏರಿತು. ದರ್ಜಿ ನಿಲ್ಲಿಸಲಾರದೆ ಓಡಿದ. "ಹೆಂಡತಿ ಚಪ್ಪಲಿ ಕಿತ್ತುಹೋಗೋ ಮೊದಲೇ ಹೊಸದು ತರಬೇಕು. ಊರಿನ ಬಟ್ಟೆ ಎಲ್ಲಾ ಹೊಲಿದು ಕೊನೇಗೆ ಅವಳ ರವಿಕೆ ಮುಟ್ಟಬಾರದು." ಕೈಯನ್ನು ಕಿವಿಯ ಹತ್ತಿರ ತಂದ, ಹವಾಲ್ದಾರರ ಹಾಗೆ. ಅಲ್ಲಿಗೆ ಹೆಂಡತಿ ಕಿವಿಗೆ ಬಡಿಸಿದ್ದೂ ಮುಗಿಯಿತು. ಕೈ ಅಲ್ಲೇ ಉಳಿಯಿತು. "ಆಮೇಲೆ... ಅವಳು ಕೆಮ್ಮಿದ್ರೆ ಮೊದಲನೇ ದಿನವೇ ಕೇಳಿಸ್ಕೋಬೇಕು. ಮಿಷನ್ ಸದ್ದಲ್ಲಿ ಕೇಳಿಸ್ಲಿಲ್ಲ ಅನ್ಬಾರದು. ಮಿಷನ್ ನಿಲ್ಲಿಸ್ಬೇಕು. ಅಷ್ಟೇ ಟೀಚರ್."



ಟೀಚರಮ್ಮ ದಿಂಬಿನಡಿಯಿಂದ ಕೆಲವು ಹಾಳೆ ತೆಗೆದರು. ಅಯ್ಯನವರ ಕೈಬರಹ, ಅದರ ಮೇಲೆಲ್ಲ ಕೆಂಪು ಪೆನ್ಸಿಲ್ಲಿನ ಗೆರೆ.

"ಅವನೂ ನನ್ನ ಶಿಷ್ಯನೇ. ಪ್ರತಿ ಶನಿವಾರ ಇಲ್ಲಿ ಬಂದು ಓದ್ತಾನೆ, ನಾನು ತಿದ್ತೀನಿ. ಭಾನುವಾರ ಯಾರನ್ನಾದ್ರೂ ಕಳಿಸು ಅಂತೀನಿ, ಕೇಳಿದೋರ ತಲೇಲಿ ಎಷ್ಟು ನಿಂತಿದೆ ನೋಡೋಕೆ. ಇವತ್ತಿನ ವಿಷಯ ಏನು ಗೊತ್ತಾ? ಮನಸ್ಸಿಟ್ಟು ಕೇಳೋದು. ಕುರಿ ಒಂದು ಕಡೆ ಬರುತ್ತೆ. ತಟ್ಟೆ ಇಲ್ಲ."

ದರ್ಜಿ ಬಾಗಿಲು ನೋಡಿದ. "ನಂದು ತಪ್ಪು ಟೀಚರ್. ಅವಳ ಹೆಸರಿಗೆ ಮಾತ್ರ..."

"ಅವಳಾ? ಮೊದಲನೇ ವಾರವೇ ತಪ್ಪೊಪ್ಪಿಕೊಂಡಳು. 'ಟೀಚರ್, ನಮ್ಮೋರ ಗೊರಕೆ ಅಯ್ಯನವರಿಗೆ ಕೇಳಿಸದ ಹಾಗೆ ಚಿವುಟೋದ್ರಲ್ಲೇ ಪ್ರಸಂಗ ಮುಗಿದುಹೋಗುತ್ತೆ, ನಂಗೊಂದಕ್ಷರ ಗೊತ್ತಿಲ್ಲ. ಆ ಕುರ್ಚೀಲಿ ಅರ್ಧ ಗಂಟೆ ಮಲಗ್ಲಾ' ಅಂದಳು. ಒಂಬತ್ತು ವರ್ಷ ಮಲಗಿದಳು. ನಾನು ಎಬ್ಬಿಸಲಿಲ್ಲ."

ದರ್ಜಿ ಕೈಕುರ್ಚಿಯನ್ನು ನೋಡಿದ. ಮೆತ್ತೆಯ ನಡುವೆ ಒಂದು ತಗ್ಗು, ಟೇಪು ಹಿಡಿಯದೆಯೇ ಅವನಿಗೆ ಗೊತ್ತಿದ್ದ ಅಳತೆ. ಇಪ್ಪತ್ತೆರಡು ವರ್ಷದ ತಟ್ಟೆಗಳೆಲ್ಲ ತಲೆಯಲ್ಲಿ ಗಲಗಲ ಎಂದವು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ನಿದ್ದೆ.

"ಕೂತ್ಕೋ" ಎಂದರು ಟೀಚರಮ್ಮ. ಕೂತ. ಕುರ್ಚಿ ಅವನನ್ನು ನುಂಗಿಕೊಂಡಿತು.

"ಆಮೆನ್."

ದರ್ಜಿ ಧಡಕ್ಕನೆ ಎದ್ದ. ಎದುರಿಗೆ ಅಯ್ಯನವರು, ಕೈಯಲ್ಲಿ ಕೆಂಪು ಗೆರೆಯ ಹಾಳೆ, ಮುಖದಲ್ಲಿ ಎಂದೂ ಕಾಣದ ನೆಮ್ಮದಿ.

"ಟೀಚರ್ ಎಲ್ಲ ಹೇಳಿದ್ರು. ನನ್ನ ಹಾಳೆಗಳಲ್ಲಿ ಇರಬೇಕಾಗಿದ್ದು ನಿಮ್ಮ ಬಾಯಲ್ಲಿ ಬಂತಂತೆ. ಇನ್ಮೇಲೆ ಭಾನುವಾರದ ಪ್ರಸಂಗ ನೀವೇ ಮಾಡಿ ಅಂದೆ. ಎಷ್ಟು ವಿನಯವಾಗಿ ತಲೆ ಬಗ್ಗಿಸಿದ್ರಿ."

"ನಾನಾ? ಅಯ್ಯನವರೇ, ನಾನು..."

"ಮೂರು ಸಲ" ಎಂದರು ಟೀಚರಮ್ಮ, ಪೆನ್ಸಿಲ್ಲಿನ ತುದಿ ನೋಡುತ್ತ. "ಶನಿವಾರ ಬರೆದು ತಂದು ತೋರಿಸು."

ಅಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೂ ಕರೆದುಕೊಂಡು ಬಂದರು. ಮೆಟ್ಟಿಲ ಹತ್ತಿರ ಆಚೀಚೆ ನೋಡಿದರು.

"ನಿಮ್ಮ ಹತ್ರ ಮುಚ್ಚುಮರೆ ಏನು. ಪ್ರಸಂಗ ಬರೆಯೋ ಯೋಚನೇಲಿ ನಾನು ಕಣ್ತುಂಬ ನಿದ್ದೆ ಮಾಡಿ ಎಷ್ಟೋ ವರ್ಷ ಆಯ್ತು. ಪೀಠದ ಮೇಲೆ ನಿಂತು ಪ್ರತಿ ವಾರ ನಿಮ್ಮನ್ನೇ ನೋಡ್ತಿದ್ದೆ. ಒಂದು ಮಾತು ಹೇಳಿ," ಅಯ್ಯನವರ ದನಿ ಆಸೆಯಿಂದ ಇಳಿಯಿತು, "ಆ ಮೂರನೇ ಕಂಬಕ್ಕೆ ಎಡಗಡೆ ಒರಗಿದ್ರೆ ಚೆನ್ನಾಗಿರುತ್ತಾ, ಬಲಗಡೇನಾ?"