ಗಿರಿಧರ ಏಳಲಿಲ್ಲ

ಮೊಸರನ್ನದ ಜೊತೆ ಉಪ್ಪಿನಕಾಯಿ ಇರಲೇಬೇಕು ಎನ್ನುವುದು ಗಿರಿಧರನ ಬದುಕಿನ ಏಕೈಕ ಹಟ. ಉಳಿದ ವಿಷಯಗಳಲ್ಲಿ ಅವನು ಹೇಗೆ ಬೇಕಾದರೂ ಹೊಂದಿಕೊಂಡು ಹೋಗುವ ಮನುಷ್ಯ. ಆಫೀಸಿನಲ್ಲಿ ಯಾರಿಗೂ ಬೇಡವಾದ ಕೆಲಸ ಸುತ್ತಿ ಸುತ್ತಿ ಕೊನೆಗೆ ಅವನ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಮನೆಯಲ್ಲಿ ಅವನ ಅಂಗಿಯ ಬಣ್ಣವನ್ನು ಹೆಂಡತಿ ವಸುಂಧರಾ, ಅವನು ನೋಡಬೇಕಾದ ಕಾರ್ಟೂನನ್ನು ಮಗಳು ಶ್ರೀರಕ್ಷಾ ನಿರ್ಧರಿಸುತ್ತಿದ್ದರು. ಆದರೆ ಉಪ್ಪಿನಕಾಯಿ ಇಲ್ಲದ ಮೊಸರನ್ನ ಎದುರಿಗೆ ಬಂದರೆ ಮಾತ್ರ ಅವನ ಮುಖ ಚಾರ್ಜ್ ಮುಗಿದ ಮೊಬೈಲಿನಂತಾಗುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ವಸುಂಧರಾ ದೊಡ್ಡ ಸ್ಟೀಲ್ ಡಬ್ಬಿಗೆ ಮೊಸರನ್ನ ತುಂಬುತ್ತ ಹೇಳಿದಳು, "ನೋಡಿ, ಇವತ್ತು ಉಪ್ಪಿನಕಾಯಿ ಇಲ್ಲ. ಡಿಸ್ಕಷನ್ನೇ ಬೇಡ."

"ಒಂದೇ ಒಂದು ಹೋಳು ಕಣೆ..."

"ಒಂದು ಹನಿ ರಸಾನೂ ಇಲ್ಲ! ಬಿಳೀ ಐಟಂ ಮಾತ್ರ ತರ್ತೀವಿ ಅಂತ ಕೊಮಾತ್ಸು ಸಾನ್‌ಗೆ ಪ್ರಾಮಿಸ್ ಮಾಡಿದೀನಿ. ಒಗ್ಗರಣೆಗೆ ಒಣಮೆಣಸಿನಕಾಯೂ ಹಾಕಿಲ್ಲ, ಗೊತ್ತಾ? ನಂಗೆ ಎಷ್ಟು ಸಂಕಟ ಆಯ್ತು ಅಂತ ನನಗೇ ಗೊತ್ತು."

ಕೊಮಾತ್ಸು ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ) ಇವರಿದ್ದ ಹಳ್ಳಿಯ ಸಂಘದ ಅಧ್ಯಕ್ಷರು. ಜಪಾನಿನ ತ್ಸುಕುಬಾದ ಸಂಶೋಧನಾಲಯಗಳಿಂದ ಸೈಕಲ್ಲಿನಲ್ಲಿ ಹೊರಟರೆ, ಗದ್ದೆಗಳ ನಡುವೆ ಏದುಸಿರು ಬರುವ ಹೊತ್ತಿಗೆ ಸಿಗುವ ಹಳ್ಳಿ ಅದು. ಬಾಡಿಗೆ ಕಡಿಮೆ ಎಂದು ಗಿರಿಧರ ಅಲ್ಲಿ ಮನೆ ಹಿಡಿದಿದ್ದ. ಊರಿಗೊಂದು ಕೋಮಿಂಕಾನ್ ಇತ್ತು, ನಮ್ಮ ಕಡೆಯ ಸಮುದಾಯ ಭವನದಂಥದ್ದು. ಮಳೆ ಬಂದರೆ ಒಳಗೂ ಕೊಡೆ ಹಿಡಿಯಬೇಕಾಗಿದ್ದ ಆ ಭವನಕ್ಕೆ ಈ ವರ್ಷ ಹೊಸ ಛಾವಣಿ, ಹೊಸ ಬಾಗಿಲು ಮತ್ತು ಹೊಸ ತತಾಮಿ ಬಂದಿದ್ದವು. ತತಾಮಿ ಎಂದರೆ ಹುಲ್ಲಿನಲ್ಲಿ ನೇಯ್ದ ದಪ್ಪ ಚಾಪೆಗಳು. ನೆಲದ ತುಂಬ ಹಾಸಿಬಿಟ್ಟರೆ ಅದೇ ನೆಲ. ಹೊಸದರಲ್ಲಿ ಎಳೆ ಹಸಿರು ಬಣ್ಣ, ಹುಲ್ಲಿನ ಘಮ.

ಈ ತತಾಮಿಯ ವಿಷಯದಲ್ಲಿ ಊರು ಎರಡು ಪಕ್ಷವಾಗಿತ್ತು. ಮೊಣಕಾಲು ನೋವಿನ ಇಶಿಯಿ ಸಾನ್ ಎಂಬ ಅಜ್ಜಿ, "ಹಲಗೆ ಹಾಕಿಸಿ, ಕುರ್ಚಿ ತರಿಸಿ. ತತಾಮಿಯಾದರೆ ಒಂದೇ ದಿನದಲ್ಲಿ ಕಲೆ ಮಾಡಿಡುತ್ತೀರಿ" ಎಂದು ಸಭೆಯಲ್ಲಿ ಮೇಜು ಗುದ್ದಿದ್ದರು. ಕೊಮಾತ್ಸು ಸಾನ್ ಎದ್ದು ನಿಂತು, "ಹತ್ತು ವರ್ಷ ಒಂದು ಹನಿ ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ" ಎಂದು ಎದೆ ತಟ್ಟಿ ಗೆದ್ದಿದ್ದರು.

ಅದೇ ಭವನದಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ತರಗತಿ ನಡೆಸಬೇಕೆಂಬುದು ವಸುಂಧರೆಯ ಆಸೆ. ಸದ್ಯಕ್ಕೆ ಸುತ್ತಲಿನ ಕನ್ನಡ ಮಕ್ಕಳೆಲ್ಲ ಅವಳ ಮನೆಯ ಸೋಫಾದ ಮೇಲೆ ‘ಅ ಆ ಇ ಈ’ ಎಂದು ಕುಣಿದು, ಸೋಫಾ ಈಗಾಗಲೇ ‘ಅಃ’ ಎನ್ನುವ ಸ್ಥಿತಿಗೆ ಬಂದಿತ್ತು. ಅವಳು ಅನುಮತಿ ಕೇಳಿದಾಗ ಕೊಮಾತ್ಸು ಸಾನ್ ಬಹಳ ಹೊತ್ತು ಹಲ್ಲಿನ ನಡುವೆ ಗಾಳಿ ಎಳೆದುಕೊಂಡು, "ನಿಮ್ಮ ಅಡುಗೆ ರುಚಿ. ಆದರೆ ಅದರ ಬಣ್ಣ..." ಎಂದು ನಿಲ್ಲಿಸಿದ್ದರು. ಹಿಂದೊಮ್ಮೆ ಇವರ ಮನೆಯಲ್ಲಿ ಊಟ ಮಾಡುವಾಗ ಅವರ ಬಿಳಿ ಅಂಗಿಗೆ ಹುಳಿ ತುಳುಕಿತ್ತು; ಆ ಅಂಗಿ ಈಗ ಅವರ ತೋಟದಲ್ಲಿ ಬೆದರುಬೊಂಬೆಯ ಮೈಮೇಲಿದೆ. "ಉದ್ಘಾಟನೆಯ ದಿನ ಸಂಜೆ ಉತ್ತರ ಹೇಳುತ್ತೇನೆ" ಎಂದಿದ್ದರು.

ಆ ದಿನವೇ ಈ ಭಾನುವಾರ.

"ನೀವು ಡಬ್ಬಿ ತಗೊಂಡು ಮುಂಚೆ ಹೋಗಿ. ನಾನು ಇವಳಿಗೆ ತಲೆ ಬಾಚಿ ಕರ್ಕೊಂಡು ಬರ್ತೀನಿ," ಎಂದಳು ವಸುಂಧರಾ.

ಗಿರಿಧರ ವಿಧೇಯನಾಗಿ ಹೊರಟ. ಹೊರಡುವ ಮುನ್ನ ಫ್ರಿಜ್ಜಿನ ಬಾಗಿಲನ್ನು ಕಳ್ಳಬೆಕ್ಕಿನಂತೆ ತೆರೆದು, ಕುಂಕುಮದ ಭರಣಿಯಷ್ಟೇ ಇರುವ ಒಂದು ಪುಟ್ಟ ಡಬ್ಬಿಗೆ ಮಾವಿನಕಾಯಿ ಉಪ್ಪಿನಕಾಯಿ ತುಂಬಿ ಅಂಗಿಯ ಜೇಬಿಗೆ ಇಳಿಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ.

ಭವನದಲ್ಲಿ ಯಾರೂ ಇರಲಿಲ್ಲ. ಶೂ ಕಳಚಿ ಒಳಗೆ ಹೋದ ಗಿರಿಧರ ಹಸಿರು ಹಾಸನ್ನು ನೋಡಿ ಒಂದು ಕ್ಷಣ ಉಸಿರು ಹಿಡಿದ. ಗೋಡೆಯ ಬಳಿ ಹೂದಾನಿ ಇಡಲೆಂದೇ ಮಾಡಿದ ಗೂಡು ಖಾಲಿಯಿತ್ತು. ಹೂದಾನಿ ಮಾತ್ರ, ಪೈನ್ ಕೊಂಬೆ, ಸೇವಂತಿಗೆ ಎಲ್ಲ ಸಮೇತ, ಕೋಣೆಯ ನಡುವೆ ಚಾಪೆಯ ಮೇಲೆ ಕುಳಿತಿತ್ತು. ‘ಖಾಲಿತನಕ್ಕೂ ಇವರಲ್ಲಿ ಒಂದು ಅರ್ಥ ಇದೆ. ಝೆನ್ ಅಂದ್ರೆ ಇದೇ’ ಎಂದು ಗಿರಿಧರ ತಲೆದೂಗಿದ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕೊಮಾತ್ಸು ಸಾನ್.

ಫೋನಿನಲ್ಲಿ ಮಾತಾಡುವಾಗಲೂ ಬಗ್ಗಿ ನಮಸ್ಕರಿಸುವುದು ಗಿರಿಧರ ಜಪಾನಿಗೆ ಬಂದು ಕಲಿತ ಮೊದಲ ವಿದ್ಯೆ. "ಹಾಯ್, ಹಾಯ್, ಬಂದಿದ್ದೇನೆ" ಎಂದು ಜಪಾನಿಯಲ್ಲಿ ಹೌದು ಹೌದೆನ್ನುತ್ತ ಒಮ್ಮೆ ಬಗ್ಗಿದ. "ಹೂದಾನಿ ಮುಟ್ಟಬೇಡಿ ಎಂದಿರಾ? ಖಂಡಿತ ಇಲ್ಲ" ಎಂದು ಇನ್ನಷ್ಟು ಬಗ್ಗಿದ. "ಅರಿಗಾತೋ ಗೊಝಾಯಿಮಾಸ್" ಎಂದು ಧನ್ಯವಾದ ಹೇಳಿ ಸೊಂಟ ಮುರಿಯುವಷ್ಟು ಬಗ್ಗಿದಾಗ ಜೇಬಿನಿಂದ ಡಬ್ಬಿ ಜಾರಿತು.

ಟಪ್.

ಮುಚ್ಚಳ ಒಂದು ಕಡೆ, ಹೋಳುಗಳು ಒಂದು ಕಡೆ, ಎಣ್ಣೆ ಎಲ್ಲ ಕಡೆ. ಗಿರಿಧರ ಹೋಳುಗಳನ್ನು ಆರಿಸಿ ಡಬ್ಬಿಗೆ ಹಾಕಿಕೊಂಡು, ಕರ್ಚೀಫಿನಿಂದ ಉಜ್ಜಿದ. ಉಜ್ಜುವ ಮೊದಲು ಹಪ್ಪಳದಷ್ಟಿದ್ದ ಕಲೆ ಉಜ್ಜಿದ ಮೇಲೆ ಮಸಾಲೆ ದೋಸೆಯಷ್ಟಾಯಿತು, ಬಣ್ಣವೂ ಅದೇ. ಬಾಗಿಲಲ್ಲಿ ಜನರ ಮಾತು ಕೇಳಿಸಿತು. ಬೇರೆ ಏನೂ ತೋಚದೆ ಅವನು ಆ ಕಲೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ. ತಾನು ತೊಟ್ಟಿರುವುದು ಕೆನೆಬಣ್ಣದ ಪ್ಯಾಂಟು ಎಂಬುದು ಕುಳಿತ ಮೇಲೆ ನೆನಪಾಯಿತು. ಇನ್ನು ಏಳುವ ಮಾತೇ ಇರಲಿಲ್ಲ.

ಜನ ತುಂಬಿದರು. ಕೊಮಾತ್ಸು ಸಾನ್ ಕೋಟು ಹಾಕಿಕೊಂಡು ಬಂದವರೇ ನೇರ ಹೂದಾನಿಯ ಪಕ್ಕ ನಿಂತರು. ಇಶಿಯಿ ಸಾನ್ ಕೋಲೂರಿಕೊಂಡು ಒಳಗೆ ಬಂದು ಸುತ್ತ ನೋಡಿದರು.

"ಹೂದಾನಿ ಏಕೆ ದಾರಿಯಲ್ಲಿದೆ?"

"ಹೊಸ ಶೈಲಿ," ಎಂದರು ಕೊಮಾತ್ಸು ಸಾನ್.

"ಎಡವಿ ಬೀಳುವ ಶೈಲಿಯೇ?" ಎಂದ ಇಶಿಯಿ ಸಾನ್ ಮೂಗರಳಿಸಿದರು. "ಇದೇನು ವಾಸನೆ?"

ಗಿರಿಧರ ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡ.

"ಅದು ಹೊಸ ಹುಲ್ಲಿನ ಸುವಾಸನೆ! ಕುಮಾಮೊಟೊದಿಂದ ತರಿಸಿದ್ದು!" ಎಂದರು ಅಧ್ಯಕ್ಷರು ಹೆಮ್ಮೆಯಿಂದ. ಊರಿನವರೆಲ್ಲ ಕಣ್ಣು ಮುಚ್ಚಿ ಆ ಸುವಾಸನೆಯನ್ನು ಆಳವಾಗಿ ಎಳೆದುಕೊಂಡರು. ಇಬ್ಬರಿಗೆ ಸೀನು ಬಂತು.

ಎಲ್ಲರೂ ಎದ್ದು ನಿಂತು ಲೋಟ ಎತ್ತಿ ‘ಕಂಪಾಯ್’ ಹೇಳುವ ಹೊತ್ತು ಬಂತು. ಗಿರಿಧರ ಕುಳಿತೇ ಲೋಟ ಎತ್ತಿದ. ರೇಡಿಯೋ ಹಾಕಿ ಎಲ್ಲರೂ ಕೈಕಾಲು ಆಡಿಸುವ ವ್ಯಾಯಾಮ ನಡೆಯಿತು. ಗಿರಿಧರ ಸೊಂಟದಿಂದ ಮೇಲಿನ ಭಾಗದಲ್ಲಿ ಮಾತ್ರ ಭಾಗವಹಿಸಿದ. ಎಲ್ಲರೂ ಜಿಗಿದಾಗ ಅವನು ಹುಬ್ಬು ಜಿಗಿಸಿದ.

"ನೋಡಿ, ನೋಡಿ," ಎಂದು ಕೊಮಾತ್ಸು ಸಾನ್ ಅವನತ್ತ ಕೈ ತೋರಿಸಿದರು. "ನಮ್ಮವರು ಕುರ್ಚಿ ಬೇಕೆನ್ನುತ್ತಾರೆ. ಭಾರತದಿಂದ ಬಂದವರು ಬೆಳಗಿನಿಂದ ಬೆಟ್ಟದ ಹಾಗೆ ಕುಳಿತಿದ್ದಾರೆ! ಇದು ಯೋಗ!"

"ನನ್ನ ಮೊಣಕಾಲು ಅವರಿಗೆ ಕೊಡಿ, ಆಮೇಲೆ ನೋಡೋಣ," ಎಂದರು ಇಶಿಯಿ ಸಾನ್. ಆದರೂ ಮನಸ್ಸು ತಡೆಯದೆ ಒಂದು ದಿಂಬು ತಂದರು. "ಸ್ವಲ್ಪ ಏಳಿ, ಕೆಳಗೆ ಹಾಕುತ್ತೇನೆ."

"ಬೇಡ! ಸುಮಿಮಾಸೆನ್! ಬೇಡ!" ಎಂದು ಕ್ಷಮೆ ಕೇಳುತ್ತ ಗಿರಿಧರ ಎರಡೂ ಕೈಯಲ್ಲಿ ನೆಲ ಹಿಡಿದುಕೊಂಡ.

ಆಗ ಬಂದಳು ವಸುಂಧರಾ, ಮಗಳ ಕೈ ಹಿಡಿದುಕೊಂಡು. ಅವಳು ಹೊಸ್ತಿಲು ದಾಟುತ್ತಿದ್ದಂತೆಯೇ ನಿಂತಳು. ಇಡೀ ಊರಿಗೆ ಹುಲ್ಲಿನ ಘಮವಾಗಿದ್ದು ಅವಳ ಮೂಗಿಗೆ ತನ್ನದೇ ಭರಣಿಯ ಘಮವಾಗಿ ತಾಗಿತು. ಮುಖದ ತುಂಬ ನಗು ಇಟ್ಟುಕೊಂಡು ಗಂಡನ ಎದುರಿಗೆ ಬಂದು ಕೂತಳು. ಅಲ್ಲಿ ಯಾರಿಗೂ ಕನ್ನಡ ಬಾರದು ಎಂಬ ಧೈರ್ಯದಲ್ಲಿ, ಶ್ಲೋಕ ಹೇಳುವ ದನಿಯಲ್ಲಿ ಶುರುಮಾಡಿದಳು.

"ಉಪ್ಪಿನಕಾಯಿ ತಂದ್ರಿ ಅಲ್ವಾ?"

"ಒಂದೇ ಹೋಳು..." ಎಂದ ಗಿರಿಧರ, ಅವನೂ ನಗುತ್ತ.

"ಎಲ್ಲಿದೆ?"

"ಸ್ವಲ್ಪ ಜೇಬಲ್ಲಿ. ಮಿಕ್ಕಿದ್ದು ನನ್ನ ಕೆಳಗೆ."

ವಸುಂಧರೆಯ ನಗು ಒಂದು ಕ್ಷಣ ಹ್ಯಾಂಗ್ ಆಗಿ ಮತ್ತೆ ಸರಿಹೋಯಿತು. "ಅಯ್ಯೋ ನಿಮ್ಮ ನಾಲಿಗೆಗೆ ಬೆಂಕಿ ಹಾಕ! ಕ್ಲಾಸ್ ಹೋಯ್ತು, ಮಾನ ಹೋಯ್ತು. ಇವತ್ತು ನಿಮಗೆ ಒಂದು ಅಗುಳೂ ಇಲ್ಲ, ಗೊತ್ತಾಯ್ತಾ? ಏನೂ ತಿನ್ನಕೂಡದು!"

"ಬೈ, ಆದ್ರೆ ನಗ್ತಾ ಬೈ. ಏನೇ ಆಗ್ಲಿ, ನಾನಂತೂ ಏಳಲ್ಲ."

ಇಶಿಯಿ ಸಾನ್ ಶ್ರೀರಕ್ಷಾಳನ್ನು ಹತ್ತಿರ ಕರೆದು, "ಅಮ್ಮ ಅಪ್ಪ ಏನು ಮಾತಾಡುತ್ತಿದ್ದಾರೆ, ಮಗು?" ಎಂದು ಕೇಳಿದರು. ಶ್ರೀರಕ್ಷಾ ಕನ್ನಡದಲ್ಲಿ ಕೇಳಿದ್ದಕ್ಕೂ ಜಪಾನಿಯಲ್ಲೇ ಉತ್ತರ ಕೊಡುವ ಹುಡುಗಿ. ಜಪಾನಿಯಲ್ಲೇ ಕೇಳಿದರೆ ಬಿಡುತ್ತಾಳೆಯೇ? ಉಪ್ಪಿನಕಾಯಿಗೆ ಜಪಾನಿಯಲ್ಲಿ ಏನನ್ನುತ್ತಾರೆಂದು ತೋಚದೆ ಅದನ್ನು ಬಿಟ್ಟು, ಉಳಿದದ್ದನ್ನು ಸ್ಪಷ್ಟವಾಗಿ ಹೇಳಿದಳು.

"ಪಪ್ಪ ಇವತ್ತು ಏನೂ ತಿನ್ನಬಾರದು ಅಂತ ಅಮ್ಮ ಹೇಳಿದಳು. ಏನೇ ಆದರೂ ಏಳುವುದಿಲ್ಲ ಅಂತ ಪಪ್ಪ ಹೇಳಿದ."

ಇಶಿಯಿ ಸಾನ್ ಬಾಯಿಗೆ ಕೈ ಇಟ್ಟುಕೊಂಡರು. ಊರಿನ ಹೊಸ ಭವನಕ್ಕಾಗಿ ಭಾರತದವರು ಉಪವಾಸ ವ್ರತ ಹಿಡಿದು ಕುಳಿತಿದ್ದಾರೆ ಎಂಬ ಸುದ್ದಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಟ್ಟೆಗಳಿಗಿಂತ ಬೇಗ ಹರಡಿತು. ಊಟ ಬಡಿಸಿದಾಗ ಅವನ ವ್ರತಕ್ಕೆ ಭಂಗ ಬರಬಾರದೆಂದು ಎಲ್ಲರೂ ಅವನಿಗೆ ಬೆನ್ನು ಹಾಕಿ ತಿಂದರು. ಮೊಸರನ್ನದ ಡಬ್ಬಿ ಅವನ ಕಣ್ಣೆದುರೇ ಖಾಲಿಯಾಯಿತು. "ಬಹಳ ತಣ್ಣನೆಯ ರುಚಿ," ಎಂದು ಯಾರೋ ಹೊಗಳಿದರು. ಜೇಬಿನಲ್ಲಿ ಉಪ್ಪಿನಕಾಯಿ, ಎದುರಿಗೆ ಮೊಸರನ್ನ, ನಡುವೆ ಗಿರಿಧರ.

ಕೊನೆಗೆ ಗುಂಪು ಫೋಟೋ. ಎಲ್ಲರೂ ಹೊರಗೆ ಮೆಟ್ಟಿಲ ಮೇಲೆ ನಿಲ್ಲುವುದೆಂದು ಮೊದಲೇ ನಿಗದಿಯಾಗಿತ್ತು. ಗಿರಿಧರ ಏಳದ ಕಾರಣ ಇಡೀ ಊರು ಒಳಗೆ ಬಂದು ಅವನ ಸುತ್ತ ನಿಂತಿತು. ಫೋಟೋದ ನಡುವೆ ಗಿರಿಧರ, ಬಲಕ್ಕೆ ಹೂದಾನಿ ಅಪ್ಪಿಕೊಂಡಂತೆ ಕೊಮಾತ್ಸು ಸಾನ್. ಇಬ್ಬರ ಮುಖದಲ್ಲೂ ಒಂದೇ ಥರದ ನಗು ಬಂದಿದೆ ಎಂದು ಫೋಟೋ ತೆಗೆದವರು ಹೇಳಿದರು.

ಜನರನ್ನು ಬೀಳ್ಕೊಡಲು ಅಧ್ಯಕ್ಷರು ಹೊರಗೆ ಹೋದದ್ದೇ ತಡ, ವಸುಂಧರಾ ಬಾಗಿಲಿಗೆ ಓಡಿದಳು.

"ಬೇಗ ಏಳ್ರೀ! ಎಲ್ಲರೂ ಶೂ ಹಾಕ್ಕೋತಾ ಇದಾರೆ!"

ಗಿರಿಧರನ ಕಾಲುಗಳು ಎಂದೋ ಅವನ ಸಂಬಂಧ ಕಡಿದುಕೊಂಡಿದ್ದವು. ಅವನು ಅಂಬೆಗಾಲಿಟ್ಟು ಪಕ್ಕಕ್ಕೆ ಸರಿದ. ಕಲೆ ಅರ್ಧ ಚಾಪೆಯಲ್ಲಿತ್ತು, ಅರ್ಧ ಪ್ಯಾಂಟಿನ ಹಿಂಭಾಗದಲ್ಲಿ.

"ಇದರ ಮೇಲೆ ಏನಾದ್ರೂ ಇಡ್ಬೇಕು," ಎಂದ ಗಿರಿಧರ. ಅವನ ಕಣ್ಣು ಹೂದಾನಿಯ ಮೇಲೆ ಬಿತ್ತು. "ಅದನ್ನೇ ಇಲ್ಲಿಗೆ ತಂದಿಟ್ರೆ? ಹೇಗೂ ಹೊಸ ಶೈಲಿ."

"ಮುಟ್ಟಬೇಡಿ ಅಂದಿದಾರೆ!"

"ಎರಡು ಹೆಜ್ಜೆ ಈಚೆಗೆ ಇಟ್ರೆ ಯಾರಿಗೆ ಗೊತ್ತಾಗುತ್ತೆ?"

ತೆವಳಿಕೊಂಡು ಹೋಗಿ, ಮಂಡಿಯೂರಿ, ಹೂದಾನಿಯನ್ನು ಮಗುವಿನಂತೆ ಎತ್ತಿಕೊಂಡ. ಕೆಳಗೆ ನೋಡಿದ.

ಹೂದಾನಿ ಇದ್ದ ಜಾಗದಲ್ಲಿ, ಅವನ ಕಲೆಯ ಎರಡರಷ್ಟು ದೊಡ್ಡದಾದ, ಕಡುಗಪ್ಪು ಸೋಯಾ ಸಾಸಿನ ಕಲೆ ಕಣ್ಣರಳಿಸಿಕೊಂಡು ಅವನನ್ನೇ ನೋಡುತ್ತಿತ್ತು.

"ನನ್ನ ಕೋಲು ಮರೆತೆ," ಎನ್ನುತ್ತ ಹಿಂಬಾಗಿಲಿನಿಂದ ಇಶಿಯಿ ಸಾನ್ ಒಳಗೆ ಬಂದರು. ಅವರ ಹಿಂದೆ ಕೊಮಾತ್ಸು ಸಾನ್, ಅವರ ಹಿಂದೆ ಊರಿನ ಐದಾರು ಜನ. ಬೆಚ್ಚಿದ ಗಿರಿಧರ ಹೂದಾನಿಯನ್ನು ಧಡಕ್ಕನೆ ಪಕ್ಕದ ಚಾಪೆಯ ಮೇಲಿಟ್ಟ. ನೀರು ತುಳುಕಿತು.

ಇಶಿಯಿ ಸಾನ್ ಕೆಂಪು ಕಲೆ ನೋಡಿದರು, ಕಪ್ಪು ಕಲೆ ನೋಡಿದರು, ಗಿರಿಧರನ ಪ್ಯಾಂಟು ನೋಡಿದರು. "ಒಂದೇ ದಿನ ಎಂದಿದ್ದೆ," ಎಂದರು ಮೆಲ್ಲಗೆ. ಆಮೇಲೆ ಗಿರಿಧರನತ್ತ ನೊಂದ ಕಣ್ಣಿಂದ ನೋಡಿ, "ವ್ರತ ಎಂದುಕೊಂಡಿದ್ದೆವು. ಕದ್ದು ತಿನ್ನುತ್ತಿದ್ದಿರಾ? ಅದೂ ಸೋಯಾ ಸಾಸ್ ಹಚ್ಚಿಕೊಂಡು?"

"ನಮ್ಮನೇಲಿ ಸೋಯಾ ಸಾಸ್ ಇಟ್ಕೊಳೋದೇ ಇಲ್ಲ ಕಣ್ರೀ!" ಎಂದು ವಸುಂಧರಾ ಅಚ್ಚ ಕನ್ನಡದಲ್ಲಿ ಚೀರಿದಳು.

ಗಿರಿಧರ ಕೊಮಾತ್ಸು ಸಾನ್ ಮುಖ ನೋಡಿದ. ಬೆಳಗಿನಿಂದ ಆ ಮನುಷ್ಯ ಹೂದಾನಿಯ ಪಕ್ಕ ಬಿಟ್ಟು ಅಲುಗಾಡದೆ ನಿಂತದ್ದು ಅವನಿಗೆ ಈಗ ಹೊಳೆಯಿತು. ಝೆನ್! ಅವನು ಬಾಯಿ ತೆರೆದ.

"ಮಕ್ಕಳ ತರಗತಿ ಮುಂದಿನ ವಾರದಿಂದಲೇ ಶುರುವಾಗಲಿ!" ಎಂದರು ಕೊಮಾತ್ಸು ಸಾನ್, ಒಂದೇ ಉಸಿರಿನಲ್ಲಿ. ಅವರ ಹಣೆಯಲ್ಲಿ ಬೆವರಿತ್ತು, ಕಣ್ಣಲ್ಲಿ ಕೈಮುಗಿದಂಥ ಬೇಡಿಕೆಯಿತ್ತು.

ತೆರೆದ ಬಾಯಿಯಿಂದ ಏನಾದರೂ ಬರಲೇಬೇಕಿತ್ತು. ಗಿರಿಧರ ಹೆಂಡತಿಯನ್ನು ನೋಡಿದ. ಅವಳು ಕಣ್ಣು ಮುಚ್ಚಿ, ಒಪ್ಪಿಕೊಳ್ಳಿ ಎಂಬಂತೆ ತಲೆಯಾಡಿಸಿದಳು.

"ಸುಮಿಮಾಸೆನ್," ಎಂದು ಗಿರಿಧರ ಬಗ್ಗಿದ. ಅಷ್ಟರಲ್ಲೇ ವಸುಂಧರೆಯ ಕೈ ಅವನ ಜೇಬನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

ಕೊಮಾತ್ಸು ಸಾನ್ ಅವನಿಗಿಂತ ಆಳವಾಗಿ ಬಗ್ಗಿದರು. "ತಪ್ಪು ಯಾರಿಂದಲೂ ಆಗುತ್ತದೆ. ಎರಡನ್ನೂ ಕ್ಷಮಿಸಿದ್ದೇನೆ," ಎಂದರು ಉದಾರವಾಗಿ. ಆಮೇಲೆ ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. "ಹೂದಾನಿ ನನ್ನ ಹೆಂಡತಿಯದು, ಇವತ್ತೇ ವಾಪಸು ಬೇಕಂತೆ. ಆದ್ದರಿಂದ ಮುಂದೆ ಈ ಭವನದಲ್ಲಿ ಸಭೆ, ಹಬ್ಬ, ವ್ಯಾಯಾಮ ಏನೇ ನಡೆದರೂ ಗಿರಿಧರ್ ಸಾನ್ ದಯವಿಟ್ಟು ಎಲ್ಲರಿಗಿಂತ ಮುಂಚೆ ಬಂದು ಇಲ್ಲಿ ಕುಳಿತುಕೊಳ್ಳಲಿ. ನೀವು ಬಹಳ ಚೆನ್ನಾಗಿ ಕೂರುತ್ತೀರಿ." ಅವರ ಕೈ ಕಪ್ಪು ಕಲೆಯ ಕಡೆಗೆ ಸರಿಯಿತು. "ವಸುಂಧರಾ ಸಾನ್ ಅಲ್ಲಿ."

"ನಾನಾ?" ಎಂದಳು ವಸುಂಧರಾ. ಬೇರೊಬ್ಬರ ಸೋಯಾ ಸಾಸಿನ ಮೇಲೆ ತಾನು ಆಯುಷ್ಯ ಕಳೆಯಬೇಕಾದುದನ್ನು ಅವಳು ಗಂಡನ ಕಡೆಗೆ ಎಸೆದ ಒಂದೇ ನೋಟದಲ್ಲಿ ಪೂರ್ತಿ ಹೇಳಿದಳು.

ಗಿರಿಧರ ತನ್ನ ಜಾಗಕ್ಕೆ ತೆವಳಿಕೊಂಡು ಹೋಗಿ ಕುಳಿತ. ವಸುಂಧರಾ ಸೀರೆಯ ನೆರಿಗೆ ಹರಡಿಕೊಂಡು ತನ್ನ ಜಾಗದಲ್ಲಿ ಕುಳಿತಳು. ಆಗ ಇಶಿಯಿ ಸಾನ್ ಕೋಲಿನ ತುದಿಯಿಂದ ಹೂದಾನಿಯನ್ನು ಮೆಲ್ಲಗೆ ಸರಿಸಿದರು. ಅದರಡಿ ಎಳೆ ಹಸಿರು ಚಾಪೆಯ ಮೇಲೆ ನೀರಿನ ದೊಡ್ಡ ಉಂಗುರವೊಂದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ಯಾರೂ ಏನೂ ಹೇಳಬೇಕಾಗಲಿಲ್ಲ. ಶ್ರೀರಕ್ಷಾ ಬಂದು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.