ದೊಡ್ಡಮ್ಮನ ಇರುವೆ ಪರೀಕ್ಷೆ

ನಮ್ಮ ದೊಡ್ಡಮ್ಮ ನಂಬುತ್ತಿದ್ದದ್ದು ಡಾಕ್ಟರನ್ನಲ್ಲ, ಪಂಚಾಂಗವನ್ನಲ್ಲ, ಇರುವೆಯನ್ನು! ನಗಬೇಡಿ ಮಾರಾಯ್ರೆ. ನರಿಮೊಗರಿನ ಅವರ ಮನೆಗೆ ಅಂಗಡಿಯ ತಿಂಡಿ ಯಾವುದೇ ಬರಲಿ, ಮೊದಲ ಚೂರು ಹಿಂದಿನ ಜಗಲಿಗೆ. ಇರುವೆ ಮುತ್ತಿದರೆ ನಮಗೆ, ಇಲ್ಲದಿದ್ದರೆ ಗೊಬ್ಬರದ ಗುಂಡಿಗೆ. "ಇರುವೆಗೆ ಬೇಡದ್ದು ಮನುಷ್ಯರಿಗೆ ಎಂತಕ್ಕೆ?" ಎಂದರೆ ಮುಗಿಯಿತು, ಮೇಲೆ ಮಾತಿಲ್ಲ.

ಅದು ಎಂಬತ್ತರ ದಶಕ. ನನಗೆ ಪುತ್ತೂರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ, ವಾಸ ದೊಡ್ಡಮ್ಮನ ಮನೆಯಲ್ಲಿ. ಜೊತೆಯವರೆಲ್ಲ ಮಧ್ಯಾಹ್ನ ಪ್ಯಾಕೆಟ್ ನೂಡಲ್ಸ್ ಬೇಯಿಸಿ ತಂದು ಸ್ಟೈಲಾಗಿ ತಿನ್ನುವಾಗ ನಾನು ಕುಚ್ಚಲಕ್ಕಿ ಅನ್ನ, ಹುರುಳಿ ಚಟ್ನಿಯ ಬುತ್ತಿ ಬಿಚ್ಚಬೇಕು. ಇಪ್ಪತ್ತೆರಡರ ಪ್ರಾಯದಲ್ಲಿ ಇದಕ್ಕಿಂತ ದೊಡ್ಡ ಅವಮಾನ ಉಂಟಾ?

ಒಂದು ದಿನ ಹಠ ಹಿಡಿದು ಪ್ಯಾಕೆಟ್ ತಂದೇ ಬಿಟ್ಟೆ. ದೊಡ್ಡಮ್ಮ ಅದರ ಮೇಲಿದ್ದದ್ದನ್ನೆಲ್ಲ ಓದಿಸಿದರು. ಬಣ್ಣ, ಪರಿಮಳ, ಕೆಡದ ಹಾಗೆ ಹಾಕುವ ಮದ್ದು, ನಾಲಿಗೆ ಹೊರಳದ ಎಂತೆಂತದೋ ಹೆಸರು.

"ಇದು ಊಟವಾ, ಮದ್ದಿನಂಗಡಿಯ ಚೀಟಿಯಾ? ತರಕಾರಿ ಎಲ್ಲಿ ಉಂಟು ಮಾರಾಯ್ತಿ?"

"ಚಿತ್ರದಲ್ಲಿ ಉಂಟು, ದೊಡ್ಡಮ್ಮ."

ಬೇಯಿಸಿ ಜಗಲಿಯಲ್ಲಿಟ್ಟೆ. ಮೇಲೆ ಕದ್ದು ಬೆಲ್ಲದ ಪುಡಿಯನ್ನೂ ಉದುರಿಸಿದೆ! ಇರುವೆಗಳು ಸಾಲುಗಟ್ಟಿ ಬಂದವು. ಗೆದ್ದೆ ಎಂದುಕೊಂಡೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬೆಲ್ಲವನ್ನೆಲ್ಲ ಹೊತ್ತುಕೊಂಡು ಹೋಗಿ ನೂಡಲ್ಸನ್ನು ಹಾಗೇ ಬಿಟ್ಟಿದ್ದವು. ದೊಡ್ಡಮ್ಮ ಬಯ್ಯಲಿಲ್ಲ. "ಇರುವೆಗೆ ಮೋಸ ಮಾಡ್ಲಿಕ್ಕೆ ಹೋಗಬೇಡ" ಎಂದರು ಅಷ್ಟೆ. ಮರುದಿನ ಬುತ್ತಿಯಲ್ಲಿ ಹುರುಳಿ ಚಟ್ನಿ ಎರಡು ಪಾಲು.

ಅದಾಗಿ ಒಂದು ವರ್ಷದ ಮೇಲೆ ದೊಡ್ಡಮ್ಮ ಹಾಸಿಗೆ ಹಿಡಿದರು. ಗಂಜಿ ಸಹ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಾಕ್ಟರು ಊಟದ ಬದಲು ನೀರಿನಲ್ಲಿ ಕದಡಿ ಕುಡಿಯುವ ಡಬ್ಬದ ಪುಡಿಯೊಂದನ್ನು ಬರೆದುಕೊಟ್ಟು, "ಇದೂ ಹೊಟ್ಟೆಗೆ ಹೋಗದಿದ್ದರೆ ಕಷ್ಟ" ಎಂದರು.

ದೊಡ್ಡಮ್ಮ ತುಟಿ ಬಿಗಿದರು. "ಮೊದಲು ಜಗಲಿಗೆ ಇಡು."

ಇಟ್ಟೆ. ಬೆಲ್ಲದ ಡಬ್ಬಿ ಕೈಗೆಟಕುವಲ್ಲೇ ಇತ್ತು, ಮುಟ್ಟಲಿಲ್ಲ. ಬನ್ನಿ ಮಾರಾಯ್ರೆ, ಒಂದಾದರೂ ಬನ್ನಿ ಎಂದು ಕೂತು ಬೇಡಿದೆ. ಒಂದೂ ಬರಲಿಲ್ಲ.

"ಬಂತಾ?"

"ಇಲ್ಲ ದೊಡ್ಡಮ್ಮ."

"ಬೆಲ್ಲ ಹಾಕಬಹುದಿತ್ತಲ್ಲ?"

"ನಿಮಗೆ ಮೋಸ ಮಾಡ್ಲಿಕ್ಕೆ ಮನಸ್ಸು ಬರಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಇರುವೆಗೆ ನನ್ನ ಮೇಲೆ ಎಂತ ಪ್ರೀತಿ? ನಿನಗೆ ಉಂಟಲ್ಲ. ಕೊಡು."

ಮುಖ ಕಿವುಚಿಕೊಂಡೇ ಕೊನೆಯ ಗುಟುಕಿನವರೆಗೂ ಕುಡಿದರು. ಸೆರಗಿನಿಂದ ಅವರ ಬಾಯಿ ಒರೆಸಿದೆ, ಆಮೇಲೆ ನನ್ನ ಕಣ್ಣು.