ಎದುರು ಕಿಟಕಿಯ ಕೈ

ಎಲ್ಲ ಶುರುವಾದದ್ದು ಎದುರು ಕಟ್ಟಡದ ಕಿಟಕಿಯಲ್ಲಿ ಒಂದು ಕೈ ಮೇಲೆದ್ದದ್ದರಿಂದ. ಗಡಿಯಾರ ರಿಪೇರಿಯವರು ಒಂಟಿ ಮನುಷ್ಯ; ಅವರ ಮನೆಯಲ್ಲಿ ಸದ್ದು ಮಾಡುವುದೆಂದರೆ ಹನ್ನೊಂದು ಗಡಿಯಾರಗಳು ಮಾತ್ರ. ಅಷ್ಟು ದೂರದಿಂದ ಒಬ್ಬ ಹೆಂಗಸು ಕೈ ಎತ್ತಿದರೆ ಸುಮ್ಮನಿರುವುದು ಹೇಗೆ? ಇವರೂ ಎತ್ತಿದರು. ಎಡಗೈಯಲ್ಲಿ ಕಾಫಿ ಲೋಟವಿತ್ತು, ಹಾಗಾಗಿ ನೋಯುವ ಬಲಗೈಯನ್ನೇ. ಆಕೆ ಹತ್ತು ಸಲ, ಇವರೂ ಹತ್ತು ಸಲ. ಸಂಜೆಯೂ ಅಷ್ಟೇ. ಹೀಗೆ ಏಳು ವಾರ.

ಬಿಗಿದುಹೋದ ಆ ಭುಜಕ್ಕಾಗಿಯೇ ಅವರು ಫಿಸಿಯೋಥೆರಪಿ ಕಾಲೇಜಿನ ಸಂಶೋಧನೆಗೆ ಸೇರಿದ್ದರು. ಅರ್ಧ ಜನಕ್ಕೆ ವ್ಯಾಯಾಮ. ಹೋಲಿಸಿ ನೋಡಲು ಉಳಿದರ್ಧಕ್ಕೆ ಏನೂ ಇಲ್ಲ. ಇವರು ಏನೂ ಇಲ್ಲದ ಗುಂಪು. ಆದರೂ ಪ್ರತಿ ಮಂಗಳವಾರ ಫಿಸಿಯೋ ಹುಡುಗಿ ಮೊಣಕೈ ಹಿಡಿದು, ಕೈ ಎಷ್ಟು ಡಿಗ್ರಿ ಏಳುತ್ತದೆಂದು ಅಳೆದು, "ರಾತ್ರಿ ನಿದ್ದೆ ಬಂತಾ ಅಂಕಲ್?" ಎನ್ನುತ್ತಿದ್ದಳು. ವಾರವಿಡೀ ಅವರನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದೊಂದೇ. ಭುಜ ಸಡಿಲವಾಗುತ್ತಿದ್ದದ್ದು ಅವರಿಗೆ ಗೊತ್ತಿತ್ತು. ವಾಸಿಯಾದರೆ ಮಂಗಳವಾರವೂ ಹೋಯಿತು ಎಂದು ಎಪ್ಪತ್ತು ಡಿಗ್ರಿಗೇ ನರಳುತ್ತಿದ್ದರು.

ಏಳನೆಯ ವಾರದ ಮಂಗಳವಾರ ಕಟ್ಟಡಗಳ ಸಂಘದ ಕಾರ್ಯದರ್ಶಿ ಗಂಟುಬಿದ್ದರು. "ಎರಡೂ ಕಟ್ಟಡದ ಭುಜನೋವಿನೋರನ್ನ ಸೇರಿಸಿದ್ದು ನಾನು. ಹೆಂಗಿದೀರಿ ಅಂತ ನೋಡ್ಬೇಡ್ವಾ? ಸ್ಕೂಟರ್ ಹತ್ರಿ."

ಕಾಲೇಜಿನಲ್ಲಿ ಎಪ್ಪತ್ತಕ್ಕೆ ಸರಿಯಾಗಿ ನರಳಿದ್ದೂ ಆಯಿತು, ಹುಡುಗಿ ಬರೆದುಕೊಂಡದ್ದೂ ಆಯಿತು. ಅಷ್ಟರಲ್ಲಿ ಕಾರ್ಯದರ್ಶಿ ಬಾಗಿಲ ಮೇಲೆ ನೋಡಿ, "ಏನಮ್ಮಾ, ನಿಮ್ಮ ಗಡಿಯಾರ ನಿಂತೋಗಿದೆ?" ಎಂದರು.

ಹಸಿದ ಮಗುವಿನ ಅಳು ಕೇಳಿದ ತಾಯಿಯ ಹಾಗೆ ರಿಪೇರಿಯವರು ಎದ್ದರು. ಬಲಗೈ ಚಾಚಿ ಮೊಳೆಯಿಂದ ಗಡಿಯಾರ ಇಳಿಸಿ, ಕಿವಿಗಿಟ್ಟು, "ಸೆಲ್ ಅಲ್ಲ, ಒಳಗಡೆ ಏನೋ ಸಿಕ್ಕೊಂಡಿದೆ" ಎಂದು ತಿರುಗಿದರೆ ಹುಡುಗಿಯ ಕಣ್ಣು ಆ ಬಲಗೈ ಮೇಲೆ.

ಹುಡುಗಿ ಮತ್ತೆ ಅಳೆದಳು. ನೂರೈವತ್ತೆಂಟು.

"ವ್ಯಾಯಾಮ ಮಾಡಿದ್ರಾ ಅಂಕಲ್?"

"ಇಲ್ಲಮ್ಮಾ, ಆಣೆಗೂ."

"ದಿನಾ ಎರಡು ಹೊತ್ತು ಕಿಟಕೀಲಿ ನಿಂತು ಯಾರಿಗೋ ಕೈ ಬೀಸ್ತಾರೆ, ಅಷ್ಟೇ" ಎಂದು ಕಾರ್ಯದರ್ಶಿ ಇವರ ಪರ ವಹಿಸಿದರು. "ಪಾಪ, ಜೊತೆಗೆ ಒಬ್ಬರು ಸಿಕ್ಕಿದ್ರಲ್ಲ ಅಂತ ಇಡೀ ಕಟ್ಟಡಕ್ಕೆ ಖುಷಿ."

ಹುಡುಗಿ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದಳು. "ಇನ್ಮೇಲೆ ಬರೋದು ಬೇಡ ಅಂಕಲ್. ವಾಸಿಯಾಯ್ತಲ್ಲ."

"ಇದನ್ನ ಸರಿಮಾಡಿ ಮುಂದಿನ ಮಂಗಳವಾರ ತಂದ್ಕೊಡ್ಲಾ?"

"ಹೊಸದು ಬರ್ತಿದೆ. ಅದನ್ನ ನೀವೇ ಇಟ್ಕೊಳ್ಳಿ."

ಹನ್ನೆರಡನೆಯ ಗಡಿಯಾರ ಹಿಡಿದು ಅವರು ಬಾಗಿಲಿಗೆ ಬಂದರು. ಹೋಗಲಿ, ಕಿಟಕಿ ಇದೆಯಲ್ಲ. ಇವತ್ತು ಸಂಜೆ ಹದಿನೈದು ಸಲ ಎತ್ತಿದರಾಯಿತು.

ಎದುರಿಗೆ ಕಿಟಕಿಯ ಆಕೆಯೇ ಬರುತ್ತಿದ್ದರು. ರಿಪೇರಿಯವರ ಎದೆಯಲ್ಲಿ ಹನ್ನೆರಡೂ ಗಡಿಯಾರ ಒಟ್ಟಿಗೆ ಹೊಡೆದವು. ಆಕೆ ಇವರ ಮುಖವನ್ನೂ ನೋಡದೆ ದಾಟಿ ಒಳಗೆ ಹೋಗಿ, ವ್ಯಾಯಾಮದ ಹಾಳೆಯನ್ನು ಮೇಜಿನ ಮೇಲಿಟ್ಟರು.

"ನೀನು ಬರ್ಕೊಟ್ಟ ಹಾಗೇ ಎರಡು ಹೊತ್ತು ಹತ್ತತ್ತು ಸಲ ಕೈ ಎತ್ತಿದೀನಿ ಕಣಮ್ಮ. ಆದ್ರೆ ಎದುರು ಮನೇಲಿ ಯಾವನೋ ಒಬ್ಬ ದಿನಾ ನಿಂತ್ಕೊಂಡು ನನ್ನನ್ನ ಅಣಕಿಸ್ತಾನೆ. ಇವತ್ತೇ ದಪ್ಪ ಪರದೆ ಹಾಕಿಸ್ತಿದೀನಿ."

"ಅದು ಯಾರು ಅಂದ್ರೆ ಅಮ್ಮಾ..." ಎಂದು ಕಾರ್ಯದರ್ಶಿ ಉತ್ಸಾಹದಿಂದ ತಿರುಗಿದರು.

ರಿಪೇರಿಯವರು ಗಡಿಯಾರವನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಭುಜ ಒಂದಿಷ್ಟೂ ನೋಯಲಿಲ್ಲ.